ಅಪರೂಪದ ಕ್ಯಾನ್ಸರಿಗೆ ತಜ್ಞರು ತಯಾರಾಗುವುದು ಹೇಗೆ? ಕೆನೆತ್ ಬ್ಯಾಗ್‌ಶಾ ಮತ್ತು ಕೋರಿಯೋಕಾರ್ಸಿನೋಮ: ಒಂದು ಪ್ರಕರಣ ಅಧ್ಯಯನ

ಬಸುರಿನಿಂದಲೇ ಹುಟ್ಟುವ ಕ್ಯಾನ್ಸರ್ ಒಂದಿದೆ. ಹೆಸರು ಕೋರಿಯೋಕಾರ್ಸಿನೋಮ. ಗರ್ಭ ಕಟ್ಟಿದ ಕೂಡಲೇ ಟ್ರೋಫೊಬ್ಲಾಸ್ಟ್ ಎಂಬ ಜೀವಕೋಶಗಳು ಗರ್ಭಕೋಶದ ಗೋಡೆಯನ್ನು ಕೊರೆಯುತ್ತಾ ಒಳನುಗ್ಗಿ, ತಾಯಿಯ ರಕ್ತನಾಳಗಳ ಸಂಪರ್ಕ ಪಡೆದು ಮಾಸನ್ನು ಕಟ್ಟುತ್ತವೆ. ಎಷ್ಟು ಬೇಕೋ ಅಷ್ಟು ಕೊರೆದು ನಿಲ್ಲುವುದೂ ಅವುಗಳ ಸ್ವಭಾವವೇ. ಎಲ್ಲೋ ಒಬ್ಬರಲ್ಲಿ ಅವು ನಿಲ್ಲುವುದಿಲ್ಲ. ರಕ್ತದ ಜೊತೆ ಹೊರಟು ಶ್ವಾಸಕೋಶ, ಯಕೃತ್ತು, ಮೆದುಳಿನಲ್ಲಿ ನೆಲೆಯೂರುತ್ತವೆ. ಹೋದಲ್ಲೆಲ್ಲ ರಕ್ತನಾಳ ಒಡೆಯುವುದರಿಂದ ಈ ಗಡ್ಡೆಗಳು ವಿಪರೀತ ರಕ್ತ ಸುರಿಸುತ್ತವೆ.

ಬಹಳಷ್ಟು ಸಲ ಇದಕ್ಕೆ ಮುನ್ನುಡಿಯಾಗುವುದು ಮೋಲಾರ್ ಗರ್ಭ. ಬಸುರಿನ ಲಕ್ಷಣಗಳೆಲ್ಲ ಇರುತ್ತವೆ, ವಾಂತಿ ಇನ್ನೂ ಜೋರಾಗಿರುತ್ತದೆ, ಆದರೆ ಸ್ಕ್ಯಾನಿಂಗ್ ಮಾಡಿದರೆ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ನೀರುಗುಳ್ಳೆಗಳು ಕಾಣುತ್ತವೆ. ಅದನ್ನು ಹೊರತೆಗೆದರೆ ಹೆಚ್ಚಿನವರಿಗೆ ಅಲ್ಲಿಗೆ ಮುಗಿಯಿತು. ಸ್ವಲ್ಪ ಮಂದಿಯಲ್ಲಿ ಉಳಿದ ಅಂಶ ಮತ್ತೆ ಬೆಳೆಯುತ್ತದೆ. ಸಹಜ ಹೆರಿಗೆಯ ಅಥವಾ ಗರ್ಭಪಾತದ ನಂತರ ಬರುವುದೂ ಉಂಟು. ಬ್ರಿಟನ್ನಿನಲ್ಲಿ ಕೋರಿಯೋಕಾರ್ಸಿನೋಮ ಸುಮಾರು 50,000 ಹೆರಿಗೆಗೆ ಒಂದು. ಅಂದರೆ ಒಬ್ಬ ಹೆರಿಗೆ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದನ್ನು ಕಂಡರೆ ಕಂಡರು.

ಈ ಲೇಖನದ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಒಂದೇ ಒಂದು ರೋಗಿಯನ್ನು ಕಾಣುವ ವೈದ್ಯ ಆ ರೋಗವನ್ನು ಕಲಿಯುವುದು ಹೇಗೆ? ಕಲಿಯದ ವೈದ್ಯನ ಕೈಯಲ್ಲಿ ಆ ಒಬ್ಬ ರೋಗಿ ಉಳಿಯುವುದು ಹೇಗೆ? ಲಂಡನ್ನಿನ ಕೆನೆತ್ ಬ್ಯಾಗ್‌ಶಾ ಅವರ ವೃತ್ತಿಜೀವನ ಈ ಪ್ರಶ್ನೆಗೆ ನನಗೆ ತಿಳಿದಿರುವ ಅತ್ಯಂತ ಸ್ಪಷ್ಟ ಉತ್ತರ. ಅವರ ಔಷಧಿಗಳ ಬಗ್ಗೆ ಬಹಳ ಬರೆಯಲಾಗಿದೆ. ಅವರು ಕಟ್ಟಿದ ವ್ಯವಸ್ಥೆಯ ಬಗ್ಗೆ ಅಷ್ಟು ಬರೆದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು.

ಲಿ ಕೆಲಸ ಕಳೆದುಕೊಂಡದ್ದು

ಬ್ಯಾಗ್‌ಶಾ ಅವರಿಗಿಂತ ಮೊದಲು ಇನ್ನೊಬ್ಬರ ಹೆಸರು ಹೇಳಬೇಕು. ಮಿನ್ ಚಿಯು ಲಿ, ಚೀನಾದ ಶೆನ್ಯಾಂಗ್‌ನಲ್ಲಿ 1919ರಲ್ಲಿ ಹುಟ್ಟಿ 1947ರಲ್ಲಿ ಅಮೆರಿಕಕ್ಕೆ ಬಂದ ವೈದ್ಯ. ನ್ಯೂಯಾರ್ಕ್‌ನ ಕ್ಯಾನ್ಸರ್ ಆಸ್ಪತ್ರೆಯಲ್ಲಿದ್ದಾಗ ಮೆಥೊಟ್ರೆಕ್ಸೇಟ್ ಔಷಧಿ ಕೊಟ್ಟ ರೋಗಿಯೊಬ್ಬರ ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಇಳಿದದ್ದನ್ನು ಅವರು ಗಮನಿಸಿದ್ದರು. ಎಚ್‌ಸಿಜಿ ಎಂದರೆ ಮನೆಯಲ್ಲಿ ಮಾಡುವ ಪ್ರೆಗ್ನೆನ್ಸಿ ಟೆಸ್ಟ್ ಪಟ್ಟಿಯಲ್ಲಿ ಗೆರೆ ಮೂಡಿಸುವ ಅದೇ ಹಾರ್ಮೋನು. ಅದನ್ನು ಸುರಿಸುವುದು ಟ್ರೋಫೊಬ್ಲಾಸ್ಟ್ ಕೋಶಗಳು, ಹಾಗಾಗಿ ಕೋರಿಯೋಕಾರ್ಸಿನೋಮವೂ ಅದನ್ನು ಸುರಿಸುತ್ತದೆ.

ಮೆಥೊಟ್ರೆಕ್ಸೇಟ್ ಜೀವಕೋಶಕ್ಕೆ ಫೋಲಿಕ್ ಆಮ್ಲ ಬಳಕೆಯಾಗದಂತೆ ತಡೆಯುತ್ತದೆ. ಆ ಫೋಲಿಕ್ ಆಮ್ಲದ ಕಥೆಯಲ್ಲಿ ನಮ್ಮ ದೇಶದ ಎರಡು ಎಳೆಗಳಿವೆ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಅದು ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದರು. ಆ ಸಾರದೊಳಗಿದ್ದದ್ದು ಫೋಲಿಕ್ ಆಮ್ಲ. ಮುಂದೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನೂ ಅದರ ವಿರೋಧಿಗಳನ್ನೂ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಸುರಿಯರ ಆರೈಕೆಗೆಂದು ಪತ್ತೆಯಾದ ಅಂಶವೊಂದರ ವಿರೋಧಿಯೇ ಬಸುರಿನಿಂದ ಬರುವ ಕ್ಯಾನ್ಸರಿಗೆ ಮದ್ದಾಯಿತು. ಬೆಳೆಯುವ ಭ್ರೂಣಕ್ಕೆ, ಮಾಸಿಗೆ ಫೋಲಿಕ್ ಆಮ್ಲ ಹೆಚ್ಚು ಬೇಕು ಎಂಬುದು ಎರಡಕ್ಕೂ ಮೂಲ ಕಾರಣ.

1955ರಲ್ಲಿ ಲಿ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಬಂದರು. ಅಲ್ಲಿ ಹಾರ್ಮೋನು ವಿಭಾಗದ ಮುಖ್ಯಸ್ಥರಾಗಿದ್ದವರು ರಾಯ್ ಹರ್ಟ್ಜ್. ಮರುವರ್ಷ ಶ್ವಾಸಕೋಶದ ತುಂಬ ಗಡ್ಡೆ ಹರಡಿ ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿದ್ದ ತರುಣಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಸುತ್ತಿನ ಮೇಲೆ ಸುತ್ತು ಕೊಡುತ್ತಾ ಹೋದಂತೆ ಎದೆಯ ಎಕ್ಸ್-ರೇ ಸ್ವಚ್ಛವಾಯಿತು. ಘನ ಗಡ್ಡೆಯೊಂದು ದೇಹದಲ್ಲಿ ಹರಡಿದ ಮೇಲೂ ಬರೀ ಔಷಧಿಯಿಂದ ಮಾಯವಾದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಗಡ್ಡೆ ಹೋದರೂ ಎಚ್‌ಸಿಜಿ ಪೂರ್ತಿ ಇಳಿದಿರಲಿಲ್ಲ. ಅದು ಇಳಿಯುವ ತನಕ ಔಷಧಿ ನಿಲ್ಲಿಸುವುದಿಲ್ಲ ಎಂದು ಲಿ ಪಟ್ಟು ಹಿಡಿದರು. ಕಣ್ಣಿಗೆ ಕಾಣುವ ಗಡ್ಡೆಯೇ ಇಲ್ಲದವರಿಗೆ ಯಾವುದೋ ಒಂದು ಅಂಕಿ ನೋಡಿಕೊಂಡು ಇಷ್ಟು ವಿಷದ ಔಷಧಿ ಕೊಡುವುದು ರೋಗಿಯ ಮೇಲಿನ ಪ್ರಯೋಗ ಎಂದು ಸಂಸ್ಥೆಯ ಹಿರಿಯರಿಗೆ ಅನಿಸಿತು. 1957ರಲ್ಲಿ ಲಿ ಅವರನ್ನು ಹೊರಗೆ ಕಳಿಸಲಾಯಿತು. ವರ್ಷಗಳು ಕಳೆದ ಮೇಲೆ ಲೆಕ್ಕ ಹಾಕಿದಾಗ, ಎಚ್‌ಸಿಜಿ ಇಳಿಯುವ ಮುನ್ನವೇ ಚಿಕಿತ್ಸೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿತ್ತು. ಕೊನೆತನಕ ಕೊಡಿಸಿಕೊಂಡವರು ಬದುಕಿದ್ದರು. 1961ರಲ್ಲಿ ಹರ್ಟ್ಜ್ ತಂಡ ಐದು ವರ್ಷದ ಅನುಭವವನ್ನು ಪ್ರಕಟಿಸಿದಾಗ, ರೋಗ ಹರಡಿದ್ದ 63 ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಡ್ಡೆಯ ಸುಳಿವೇ ಉಳಿದಿರಲಿಲ್ಲ. ಅದಕ್ಕೆ ಮುನ್ನ ಇಂಥವರಲ್ಲಿ ಹೆಚ್ಚಿನವರು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. 1972ರಲ್ಲಿ ಲಿ ಮತ್ತು ಹರ್ಟ್ಜ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಲಿ 1980ರಲ್ಲಿ ತೀರಿಕೊಂಡರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಒಬ್ಬ ಧೀಮಂತನಿಗೆ ಆದ ಅನ್ಯಾಯವೆಂದು ಹೇಳಿ ಮುಗಿಸುತ್ತಾರೆ. ಅನ್ಯಾಯ ಹೌದು. ಆದರೆ ಲಿ ಬಳಿ ಸರಿಯಾದ ವಿಚಾರವಿತ್ತು, ಅದನ್ನು ಸಾಬೀತು ಮಾಡುವಷ್ಟು ರೋಗಿಗಳೂ ಕಾಲವೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಅಪರೂಪದ ರೋಗದಲ್ಲಿ ಸರಿ ಯಾವುದು ಎಂದು ಗೊತ್ತಾಗುವುದಕ್ಕೇ ಅಷ್ಟು ವರ್ಷ ಬೇಕಾಯಿತು.

ಏದುಸಿರಿನ ರೋಗಿ

ಬ್ಯಾಗ್‌ಶಾ 1925ರಲ್ಲಿ ಹುಟ್ಟಿದವರು. ಯುದ್ಧದ ವರ್ಷಗಳಲ್ಲಿ ನೌಕಾಪಡೆಯಲ್ಲಿದ್ದರು, ಆಮೇಲೆ ಲಂಡನ್ನಿನ ಸೇಂಟ್ ಮೇರಿಸ್‌ನಲ್ಲಿ ವೈದ್ಯಕೀಯ ಓದಿದರು, ಸ್ವಲ್ಪ ಕಾಲ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲೂ ಕೆಲಸ ಮಾಡಿದರು. ಅವರು ಸ್ತ್ರೀರೋಗ ತಜ್ಞರಲ್ಲ, ಜನರಲ್ ಮೆಡಿಸಿನ್‌ನವರು. ಕೋರಿಯೋಕಾರ್ಸಿನೋಮ ಅವರ ಎದುರಿಗೆ ಬಂದದ್ದು ಶ್ವಾಸಕೋಶದ ರೋಗದ ವೇಷದಲ್ಲಿ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಏದುಸಿರು ಬಿಡುವ ಸ್ಥಿತಿಗೆ ಈ ಗಡ್ಡೆ ಕಾರಣವಾಗಬಲ್ಲದು ಎಂದು 1959ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಗಡ್ಡೆಯ ಕೋಶಗಳು ರಕ್ತನಾಳದೊಳಗೇ ಬೆಳೆದು ದಾರಿ ಮುಚ್ಚಿಬಿಡುತ್ತವೆ. ಎದೆಯ ವೈದ್ಯರು, ಹೃದಯದ ವೈದ್ಯರು ಸಾಲಾಗಿ ನೋಡಿದರೂ ಹಳೆಯ ಬಸುರಿನ ಕಡೆ ಯಾರ ಗಮನವೂ ಹೋಗದಿರಬಹುದು.

ಇವತ್ತಿಗೂ ಇದು ಪ್ರತಿ ಹೌಸ್ ಸರ್ಜನ್‌ಗೆ ಗೊತ್ತಿರಬೇಕಾದ ವಿಷಯ. ಹೆರುವ ವಯಸ್ಸಿನ ಹೆಣ್ಣುಮಗಳ ಶ್ವಾಸಕೋಶದಲ್ಲೋ ಮೆದುಳಿನಲ್ಲೋ ಎಲ್ಲಿಂದ ಬಂದದ್ದೆಂದು ತಿಳಿಯದ ಗಡ್ಡೆ ಕಂಡರೆ ಮೊದಲು ಎಚ್‌ಸಿಜಿ ನೋಡಬೇಕು. ಚೂರು ತೆಗೆದು ಬಯಾಪ್ಸಿಗೆ ಕಳಿಸಲು ಹೋದರೆ ರಕ್ತ ನಿಲ್ಲದೆ ಪ್ರಾಣಕ್ಕೆ ಬರಬಹುದು. ಬಯಾಪ್ಸಿ ಇಲ್ಲದೆಯೇ, ರಕ್ತದ ಒಂದು ಅಂಕಿ ಮತ್ತು ಬಸುರಿನ ಹಿನ್ನೆಲೆ ಇಷ್ಟರ ಮೇಲೆ ಕೀಮೋ ಶುರುಮಾಡುವ ಕ್ಯಾನ್ಸರುಗಳು ಬೆರಳೆಣಿಕೆಯಷ್ಟೇ.

1960ರ ದಶಕದ ಆರಂಭದಲ್ಲಿ ಬ್ಯಾಗ್‌ಶಾ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆ ಸೇರಿ, ಫುಲ್ಹಾಮ್ ಆಸ್ಪತ್ರೆಯಲ್ಲಿ ಈ ರೋಗಕ್ಕೆಂದೇ ಘಟಕ ಕಟ್ಟತೊಡಗಿದರು. ಕ್ಯಾನ್ಸರ್ ಎಂದರೆ ಶಸ್ತ್ರಚಿಕಿತ್ಸೆ, ಇಲ್ಲವೇ ವಿಕಿರಣ ಎಂದು ತಿಳಿಯುತ್ತಿದ್ದ ಕಾಲ. ಕ್ಯಾನ್ಸರಿಗೆ ಔಷಧಿಯಿಂದ ಚಿಕಿತ್ಸೆ ಕೊಡುವ ಮೆಡಿಕಲ್ ಆಂಕಾಲಜಿ ಎಂಬ ವಿಭಾಗವೇ ಬ್ರಿಟನ್ನಿನಲ್ಲಿ ಇನ್ನೂ ಬೇರು ಬಿಟ್ಟಿರಲಿಲ್ಲ. ಔಷಧಿಯ ಪ್ರಮಾಣ ಹೆಚ್ಚಿಸಿದರೆ ಬಿಳಿರಕ್ತಕಣಗಳು ಕುಸಿದು ಸೋಂಕಿನಿಂದ ಸಾವು ಬರುತ್ತಿತ್ತು. ಅದಕ್ಕೆ ಅವರು ಸೋಸಿದ ಗಾಳಿಯ ಪ್ರತ್ಯೇಕ ವಾರ್ಡು ಮಾಡಿಸಿ, ಅದರ ಅನುಭವವನ್ನು 1964ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ಎಕ್ಸ್-ರೇ ಸ್ವಚ್ಛವಾದ ಮೇಲೆ ಉಳಿಯುವುದೆಷ್ಟು

ಲಿ ಏಕೆ ಸರಿ ಎಂಬುದಕ್ಕೆ ಗಟ್ಟಿ ಉತ್ತರ ಬೇಕಿದ್ದರೆ ಎಚ್‌ಸಿಜಿಯನ್ನು ನಿಖರವಾಗಿ ಅಳೆಯಬೇಕಿತ್ತು. ಆಗ ಇದ್ದ ವಿಧಾನದಲ್ಲಿ ಮಹಿಳೆಯ ಮೂತ್ರವನ್ನು ಇಲಿಗಳಂಥ ಪ್ರಾಣಿಗಳಿಗೆ ಚುಚ್ಚಿ, ಅವುಗಳ ಅಂಡಾಶಯದಲ್ಲೋ ಗರ್ಭಕೋಶದಲ್ಲೋ ಆಗುವ ಬದಲಾವಣೆ ನೋಡುತ್ತಿದ್ದರು. ನಿಧಾನ, ದುಬಾರಿ, ಮತ್ತು ಸಣ್ಣ ಪ್ರಮಾಣ ಅದಕ್ಕೆ ಸಿಗುತ್ತಿರಲಿಲ್ಲ. ಹಾರ್ಮೋನುಗಳನ್ನು ವಿಕಿರಣಶೀಲ ಗುರುತಿನ ಸಹಾಯದಿಂದ ಅಳೆಯುವ ರೇಡಿಯೋ ಇಮ್ಯುನೋ ಅಸ್ಸೇ ವಿಧಾನವನ್ನು ನ್ಯೂಯಾರ್ಕ್‌ನಲ್ಲಿ ರೊಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ಆಗಷ್ಟೇ ರೂಪಿಸಿದ್ದರು. ಬ್ಯಾಗ್‌ಶಾ ಅವರ ಗುಂಪು 1960ರ ದಶಕದ ನಡುವಿಗೆಲ್ಲ ಎಚ್‌ಸಿಜಿಗೆ ಅಂಥದೇ ಸೂಕ್ಷ್ಮ ಪರೀಕ್ಷೆ ಸಿದ್ಧಮಾಡಿತು.

ಈಗ ಲೆಕ್ಕ ನೋಡಿ. ಒಂದು ಸೆಂಟಿಮೀಟರ್ ಗಾತ್ರದ ಗಡ್ಡೆಯಲ್ಲಿ ಸುಮಾರು 100 ಕೋಟಿ ಜೀವಕೋಶಗಳಿರುತ್ತವೆ. ಎಕ್ಸ್-ರೇಯಲ್ಲಿ ಚುಕ್ಕೆಯಾಗಿ ಕಾಣಬೇಕಾದರೆ ಹೆಚ್ಚುಕಡಿಮೆ ಅಷ್ಟಿರಬೇಕು. ಅದರಲ್ಲಿ ನೂರಕ್ಕೆ ತೊಂಬತ್ತು ಸತ್ತರೂ 10 ಕೋಟಿ ಉಳಿದಿರುತ್ತವೆ, ಎಕ್ಸ್-ರೇ ಮಾತ್ರ ಸ್ವಚ್ಛ. ಎಚ್‌ಸಿಜಿ ಪರೀಕ್ಷೆಯಾದರೋ ಕೋಶಗಳು ಒಂದು ಲಕ್ಷದ ಆಸುಪಾಸಿಗೆ ಇಳಿಯುವ ತನಕವೂ ಸುಳಿವು ಕೊಡುತ್ತಲೇ ಇರುತ್ತದೆ. ಎಕ್ಸ್-ರೇಗೆ ಹೋಲಿಸಿದರೆ ಹತ್ತು ಸಾವಿರ ಪಟ್ಟು ಆಳಕ್ಕೆ ನೋಡುವ ಸಾಧನ. ಆದರೂ ಅಂಕಿ ಸಹಜಕ್ಕೆ ಬಂದ ದಿನ ಶೂನ್ಯ ಬಂತೆಂದಲ್ಲ. ಪರೀಕ್ಷೆಗೆ ಸಿಗದ ಲಕ್ಷದಷ್ಟು ಕೋಶಗಳು ಇದ್ದಾವು. ಅದಕ್ಕೇ ಎಚ್‌ಸಿಜಿ ಸಹಜವಾದ ಮೇಲೂ ಇನ್ನೂ ಆರು ವಾರ ಔಷಧಿ ಮುಂದುವರಿಸುವ ಪದ್ಧತಿ ಚಾರಿಂಗ್ ಕ್ರಾಸ್‌ನಲ್ಲಿ ಬೆಳೆಯಿತು.

ಪ್ರತಿ ರೋಗಿಗೂ ಒಂದು ಗ್ರಾಫ್. ಅಡ್ಡಸಾಲಿನಲ್ಲಿ ವಾರಗಳು, ಉದ್ದಸಾಲಿನಲ್ಲಿ ಎಚ್‌ಸಿಜಿ, ಒಂದೊಂದು ಮನೆಗೂ ಹತ್ತು ಪಟ್ಟು ವ್ಯತ್ಯಾಸವಿರುವ ಲಾಗ್ ಅಳತೆಯಲ್ಲಿ. ಔಷಧಿ ಕೆಲಸ ಮಾಡುತ್ತಿದ್ದರೆ ಚುಕ್ಕೆಗಳು ನೇರ ಗೆರೆಯಲ್ಲಿ ಕೆಳಗಿಳಿಯುತ್ತವೆ. ಗೆರೆ ಮಟ್ಟಸವಾಗಿ ನಿಂತರೆ ಆ ಔಷಧಿಗೆ ಗಡ್ಡೆ ಬಗ್ಗುತ್ತಿಲ್ಲ ಎಂದು ಅರ್ಥ, ಗಡ್ಡೆ ದೊಡ್ಡದಾಗುವ ತನಕ ಕಾಯದೆ ಅದೇ ವಾರ ಔಷಧಿ ಬದಲಿಸಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಷ್ಟು ಚೊಕ್ಕವಾದ ಸೂಚಕ ಇರುವ ರೋಗ ಇನ್ನೊಂದಿಲ್ಲ ಎಂದು ಹೇಳಿದರೂ ತಪ್ಪಾಗಲಾರದು.

ಅಂಕಿಯನ್ನು ಕುರುಡಾಗಿ ನಂಬಿದರೆ ಅಪಾಯವೂ ಉಂಟು. ಕೆಲವರ ರಕ್ತದಲ್ಲಿರುವ ಪ್ರತಿಕಾಯಗಳು ಪರೀಕ್ಷೆಯ ಕಿಟ್‌ಗೆ ಮೋಸಮಾಡಿ, ಇಲ್ಲದ ಎಚ್‌ಸಿಜಿಯನ್ನು ಇದೆಯೆಂದು ತೋರಿಸುತ್ತವೆ. ಅಮೆರಿಕದಲ್ಲಿ ಇದನ್ನೇ ನಂಬಿ ಕ್ಯಾನ್ಸರ್ ಇಲ್ಲದ ಮಹಿಳೆಯರಿಗೆ ಕೀಮೋ ಕೊಟ್ಟ, ಗರ್ಭಕೋಶ ತೆಗೆದ ಪ್ರಕರಣಗಳು ದಾಖಲಾಗಿವೆ. ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯುವುದಿಲ್ಲ. ಆದ್ದರಿಂದ ರಕ್ತದಲ್ಲಿ ಇದ್ದು ಮೂತ್ರದಲ್ಲಿ ಇಲ್ಲದಿದ್ದರೆ ಅನುಮಾನಿಸಬೇಕು. ನೂರಾರು ರೋಗಿಗಳನ್ನು ನೋಡಿದ ಘಟಕಕ್ಕೆ ಇದು ತಕ್ಷಣ ಹೊಳೆಯುತ್ತದೆ, ಮೊದಲ ರೋಗಿಯನ್ನು ನೋಡುತ್ತಿರುವ ವೈದ್ಯರಿಗೆ ಹೊಳೆಯುವುದು ಕಷ್ಟ.

ಅಂಚೆಯಲ್ಲಿ ಬರುವ ಬಾಟಲಿಗಳು

ಇಷ್ಟಾದರೂ ಮುಖ್ಯ ತೊಡಕು ಹಾಗೇ ಇತ್ತು. ಬ್ಯಾಗ್‌ಶಾ ಅವರ ಹತ್ತಿರ ಔಷಧಿ ಇತ್ತು, ಪರೀಕ್ಷೆ ಇತ್ತು, ವಾರ್ಡು ಇತ್ತು. ರೋಗಿಗಳು ಮಾತ್ರ ದೇಶದ ತುಂಬ ಚದುರಿದ್ದರು, ಬರುವಷ್ಟರಲ್ಲಿ ಮೆದುಳಿಗೆ ಹರಡಿರುತ್ತಿತ್ತು. ಮೋಲಾರ್ ಗರ್ಭ ತೆಗೆಸಿಕೊಂಡವರನ್ನು ಅಂದಿನಿಂದಲೇ ಗಮನಿಸುತ್ತಾ ಹೋದರೆ ಕ್ಯಾನ್ಸರ್ ಆಗುವ ಮುನ್ನವೇ, ಅಥವಾ ಆದ ವಾರದಲ್ಲೇ ಹಿಡಿಯಬಹುದು. ಹಾಗೆ ಗಮನಿಸಬೇಕಾದವರು ವರ್ಷಕ್ಕೆ ಸಾವಿರಕ್ಕೂ ಮೇಲೆ. ಅವರೆಲ್ಲ ಪ್ರತಿ ಹದಿನೈದು ದಿನಕ್ಕೆ ಲಂಡನ್ನಿಗೆ ಬರುವುದು ಆಗದ ಮಾತು.

ಪರಿಹಾರ ತೀರಾ ಸರಳವಾಗಿತ್ತು. 1973ರಲ್ಲಿ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಮತ್ತು ಆರೋಗ್ಯ ಇಲಾಖೆಯ ಬೆಂಬಲದಿಂದ ರಾಷ್ಟ್ರೀಯ ನೋಂದಣಿ ಶುರುವಾಯಿತು. ಯಾವ ಊರಿನಲ್ಲೇ ಮೋಲಾರ್ ಗರ್ಭ ಪತ್ತೆಯಾಗಲಿ, ಅಲ್ಲಿನ ವೈದ್ಯರು ಒಂದು ಫಾರಂ ತುಂಬಿ ಮೂರು ಕೇಂದ್ರಗಳಲ್ಲಿ ಒಂದಕ್ಕೆ ಕಳಿಸಬೇಕು: ಲಂಡನ್ನಿನ ಚಾರಿಂಗ್ ಕ್ರಾಸ್, ಷೆಫೀಲ್ಡ್, ಸ್ಕಾಟ್ಲೆಂಡಿನ ಡಂಡೀ. ಅಲ್ಲಿಂದ ಮುಂದೆ ವ್ಯವಹಾರ ನೇರವಾಗಿ ಕೇಂದ್ರಕ್ಕೂ ಮಹಿಳೆಗೂ. ಆಕೆಯ ಮನೆಗೆ ಅಂಚೆಯಲ್ಲಿ ಮಾದರಿ ಬಾಟಲಿಯ ಡಬ್ಬಿ ಬರುತ್ತದೆ. ಆಕೆ ಮೂತ್ರ ತುಂಬಿ ಅದನ್ನು ಅಂಚೆಗೆ ಹಾಕುತ್ತಾಳೆ. ಎಚ್‌ಸಿಜಿ ಅಂಚೆಯ ಒಂದೆರಡು ದಿನದಲ್ಲಿ ಕೆಡುವಷ್ಟು ನಾಜೂಕಿನದಲ್ಲ. ಕೇಂದ್ರದಲ್ಲಿ ಪರೀಕ್ಷೆಯಾಗಿ ಗ್ರಾಫ್‌ನಲ್ಲಿ ಚುಕ್ಕೆ ಬೀಳುತ್ತದೆ. ಇಳಿಯುತ್ತಿದ್ದರೆ ಆಕೆ ತನ್ನ ಪಾಡಿಗೆ ಮನೆ, ಕೆಲಸ ನೋಡಿಕೊಂಡಿರಬಹುದು. ಏರಿದರೆ ಕೇಂದ್ರದಿಂದ ಕರೆ ಹೋಗುತ್ತದೆ. ಬಾಟಲಿ ಬಾರದಿದ್ದರೂ ಯಾರ ಬಾಟಲಿ ಬಂದಿಲ್ಲ ಎಂಬುದು ಕೇಂದ್ರಕ್ಕೆ ಗೊತ್ತಿರುತ್ತದೆ. ನೆನಪಿಟ್ಟುಕೊಳ್ಳುವ ಭಾರ ರೋಗಿಯ ಮೇಲಿಲ್ಲ, ಕೇಂದ್ರದ ಮೇಲಿದೆ. ಈ ಒಂದು ಅಂಶವನ್ನು ನಾನು ಎಷ್ಟು ಒತ್ತಿ ಹೇಳಿದರೂ ಸಾಲದು.

ಹೀಗೆ ಒಂದೇ ಕಡೆ ಸೇರಿದ ದಾಖಲೆಗಳು ಬೇರೆ ಯಾರಿಗೂ ಉತ್ತರಿಸಲಾಗದ ಪ್ರಶ್ನೆಗಳಿಗೆ ಉತ್ತರ ಕೊಟ್ಟವು. ಮೋಲಾರ್ ಗರ್ಭ ಎಷ್ಟು ಸಾಮಾನ್ಯ? 1973ರಿಂದ 1983ರವರೆಗಿನ ಇಂಗ್ಲೆಂಡ್ ಮತ್ತು ವೇಲ್ಸ್‌ನ ದಾಖಲೆ ಪ್ರಕಾರ ಸಾವಿರ ಜೀವಂತ ಜನನಕ್ಕೆ ಸುಮಾರು 1.5. ಯಾರಿಗೆ ಹೆಚ್ಚು? ತೀರಾ ಎಳೆಯ ವಯಸ್ಸಿನವರಿಗೆ, ಅದಕ್ಕಿಂತಲೂ ಹೆಚ್ಚಾಗಿ 45 ದಾಟಿದವರಿಗೆ. ಎಷ್ಟು ಕಾಲ ಗಮನಿಸಬೇಕು? ಮೊದಲು ಎರಡು ವರ್ಷ ಎನ್ನುತ್ತಿದ್ದರು. ಮೋಲ್ ತೆಗೆದು 56 ದಿನದೊಳಗೆ ಎಚ್‌ಸಿಜಿ ಸಹಜಕ್ಕೆ ಬಂದವರಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ತೀರಾ ಕಡಿಮೆ ಎಂದು ದಾಖಲೆಗಳೇ ತೋರಿಸಿದ್ದರಿಂದ ಅವರಿಗೆ ಆರು ತಿಂಗಳು ಸಾಕೆಂದಾಯಿತು. ಈ ಅವಧಿಯಲ್ಲಿ ಮತ್ತೆ ಬಸುರಾದರೆ ಎಚ್‌ಸಿಜಿ ಏರಿ ಗೊಂದಲವಾಗುತ್ತದೆ, ಅದಕ್ಕೆ ಕಾಯಬೇಕು. ಮಗುವಿಗಾಗಿ ಹಂಬಲಿಸುತ್ತಿರುವ ಹೆಣ್ಣುಮಗಳಿಗೆ ಎರಡು ವರ್ಷಕ್ಕೂ ಆರು ತಿಂಗಳಿಗೂ ಇರುವ ಅಂತರ ಏನೆಂದು ಹೇಳಬೇಕಾಗಿಲ್ಲ.

ಯಾರಿಗೆ ಸೌಮ್ಯ ಚಿಕಿತ್ಸೆ ಸಾಕು, ಯಾರಿಗೆ ಉಗ್ರ ಚಿಕಿತ್ಸೆ ಬೇಕು ಎಂಬುದಕ್ಕೂ ಉತ್ತರ ಬಂತು. ವಯಸ್ಸು, ಹಿಂದಿನ ಗರ್ಭ ಯಾವ ಬಗೆಯದು, ಅದಾಗಿ ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟು, ಗಡ್ಡೆ ಎಲ್ಲೆಲ್ಲಿ ಹರಡಿದೆ ಎಂಬುದಕ್ಕೆಲ್ಲ ಅಂಕ ಕೊಟ್ಟು ಕೂಡುವ ಪದ್ಧತಿಯನ್ನು ಬ್ಯಾಗ್‌ಶಾ 1976ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಅದನ್ನು ಮಾರ್ಪಡಿಸಿ ಒಪ್ಪಿತು. ಇವತ್ತು ಬೆಂಗಳೂರಿನಲ್ಲಿರಲಿ ಬೆಳಗಾವಿಯಲ್ಲಿರಲಿ ವೈದ್ಯರು ಲೆಕ್ಕ ಹಾಕುವ ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ಸ್ಕೋರ್‌ನ ಮೂಲ ಅದೇ. ಆರು ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಮೆಥೊಟ್ರೆಕ್ಸೇಟ್ ಒಂದೇ ಔಷಧಿ: 50 ಮಿಲಿಗ್ರಾಂ ಇಂಜೆಕ್ಷನ್ ದಿನ ಬಿಟ್ಟು ದಿನ ನಾಲ್ಕು ಸಲ, ನಡುವೆ ಅದರ ವಿಷ ತಗ್ಗಿಸಲು ಫೋಲಿನಿಕ್ ಆಮ್ಲದ ಮಾತ್ರೆ, ಎರಡು ವಾರಕ್ಕೊಮ್ಮೆ ಇದೇ ಸುತ್ತು. ಕೂದಲು ಉದುರುವುದಿಲ್ಲ. ಏಳು ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ, 1979ರ ಸುಮಾರಿಗೆ ಎಡ್ವರ್ಡ್ ನ್ಯೂಲ್ಯಾಂಡ್ಸ್ ಮತ್ತು ಬ್ಯಾಗ್‌ಶಾ ಬಳಕೆಗೆ ತಂದ ಇಎಂಎ-ಸಿಒ ಎಂಬ ಐದು ಔಷಧಿಗಳ ಸರಣಿ. ಅದರ ಕೊನೆಯ ಔಷಧಿ ವಿನ್‌ಕ್ರಿಸ್ಟೀನ್ ದೊರೆಯುವುದು ನಮ್ಮ ಅಂಗಳಗಳಲ್ಲಿ ಬೆಳೆಯುವ ಸದಾಪುಷ್ಪದ ಗಿಡದಿಂದ.

ಫಲ ಏನಾಯಿತೆಂದರೆ, ಕಡಿಮೆ ಅಪಾಯದ ಗುಂಪಿನವರಲ್ಲಿ ಈಗ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಹೆಚ್ಚು ಅಪಾಯದವರಲ್ಲೂ ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ. ಗರ್ಭಕೋಶ ಉಳಿಯುತ್ತದೆ, ಹೆಚ್ಚಿನವರು ಮುಂದೆ ಮಕ್ಕಳನ್ನು ಹೆರುತ್ತಾರೆ. ಈಗಲೂ ಕೈತಪ್ಪುವವರು ಬಹುಪಾಲು ತಡವಾಗಿ ಬಂದವರು, ಅದರಲ್ಲೂ ಮೋಲ್ ಆಗಿಲ್ಲದೆ ಸಹಜ ಹೆರಿಗೆಯ ನಂತರ ರೋಗ ಬಂದು ಯಾರಿಗೂ ಅನುಮಾನ ಬಾರದೆ ಹೋದವರು.

ಬ್ಯಾಗ್‌ಶಾ ಅವರ ಉಳಿದ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. 1974ರಿಂದ 1990ರವರೆಗೆ ಮೆಡಿಕಲ್ ಆಂಕಾಲಜಿ ಪ್ರಾಧ್ಯಾಪಕರಾಗಿದ್ದರು. 1989ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಪ್ರತಿಕಾಯದ ಬೆನ್ನಿಗೆ ಕಿಣ್ವವೊಂದನ್ನು ಕಟ್ಟಿ ಗಡ್ಡೆಗೆ ಕಳಿಸಿ, ನಿರುಪದ್ರವಿ ಔಷಧಿಯನ್ನು ಅಲ್ಲಿ ಮಾತ್ರ ವಿಷವಾಗಿಸುವ ಅಡೆಪ್ಟ್ ವಿಧಾನವನ್ನು 1980ರ ದಶಕದಲ್ಲಿ ಮುಂದಿಟ್ಟರು. ವಿಚಾರ ಸೊಗಸಾಗಿದ್ದರೂ ಅದು ದಿನನಿತ್ಯದ ಚಿಕಿತ್ಸೆಯಾಗಲಿಲ್ಲ. 2022ರ ಡಿಸೆಂಬರಿನಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ನಂತರವೂ ಚಾರಿಂಗ್ ಕ್ರಾಸ್‌ನ ಘಟಕ ನಡೆಯುತ್ತಲೇ ಇದೆ, ಬಾಟಲಿಗಳು ಬರುತ್ತಲೇ ಇವೆ. ಒಬ್ಬರ ಪ್ರತಿಭೆಗೆ ಅಂಟಿಕೊಂಡ ಘಟಕವಾಗಿದ್ದರೆ ಅವರ ನಿವೃತ್ತಿಯ ಜೊತೆಗೇ ಮುಚ್ಚಿರುತ್ತಿತ್ತು.

ನಮ್ಮ ಕಡೆ

ಮೋಲಾರ್ ಗರ್ಭ ಏಷ್ಯಾದ ಹಲವೆಡೆ ಯುರೋಪಿಗಿಂತ ಹೆಚ್ಚು. ಔಷಧಿ ನಮ್ಮಲ್ಲಿ ಸಿಗುತ್ತದೆ, ಮೆಥೊಟ್ರೆಕ್ಸೇಟ್ ದುಬಾರಿಯೂ ಅಲ್ಲ. ತಿಳಿದ ವೈದ್ಯರು ಮೆಡಿಕಲ್ ಕಾಲೇಜುಗಳಲ್ಲಿ, ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ಇದ್ದಾರೆ. ನಮ್ಮಲ್ಲಿ ಕಡಿದುಹೋಗುವುದು ಬಾಟಲಿಯ ಕೊಂಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಹೀಗೆ ಆಗುತ್ತದೆ. ಮೂರು ತಿಂಗಳ ಬಸುರಿ, ರಕ್ತಸ್ರಾವ, ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ. ಕ್ಲೀನ್ ಮಾಡಿ ಎರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಡಿಸ್ಚಾರ್ಜ್ ಚೀಟಿಯ ಕೆಳಗೆ ವಾರಕ್ಕೊಮ್ಮೆ ಬೀಟಾ ಎಚ್‌ಸಿಜಿ ಎಂದು ಬರೆದಿರುತ್ತದೆ. ಮನೆಯವರಿಗೆ ಅರ್ಥವಾಗಿದ್ದು 'ಬಸುರು ನಿಲ್ಲಲಿಲ್ಲ, ಕ್ಲೀನ್ ಮಾಡಿಸಿಕೊಂಡು ಬಂದ್ವಿ' ಎಂಬಷ್ಟೇ. ರಕ್ತಸ್ರಾವ ನಿಂತಿದೆ, ಮೈ ಚೆನ್ನಾಗಿದೆ, ಕೂಲಿ ಬಿಟ್ಟು ಬಸ್ಸು ಹತ್ತಿ ರಕ್ತ ಕೊಡಲು ಯಾಕೆ ಹೋಗಬೇಕು? ಮೊದಲ ವಾರ ಹೋಗುತ್ತಾರೆ, ಎರಡನೇ ವಾರ ಬೇರೆ ಲ್ಯಾಬಿಗೆ ಹೋಗುತ್ತಾರೆ. ಎರಡು ಲ್ಯಾಬುಗಳ ಕಿಟ್ ಬೇರೆಯಾದರೆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತಿಲ್ಲ, ಇಳಿದದ್ದು ನಿಜವಾಗಿ ಇಳಿದದ್ದೋ ಅಲ್ಲವೋ ಹೇಳಲಾಗದು. ಮೂರನೇ ವಾರ ಹೋಗುವುದಿಲ್ಲ. ಅವರು ಬರಲಿಲ್ಲ ಎಂಬುದನ್ನು ಗಮನಿಸುವ ಜನವೇ ಯಾವ ಕಡೆಯೂ ಇಲ್ಲ. ಆಕೆಯನ್ನು ಬೇಜವಾಬ್ದಾರಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಬ್ರಿಟನ್ನಿನ ಹೆಣ್ಣುಮಕ್ಕಳು ನಮ್ಮವರಿಗಿಂತ ಶಿಸ್ತಿನವರೇನಲ್ಲ, ಅವರ ಮನೆಬಾಗಿಲಿಗೆ ಡಬ್ಬಿ ಬರುತ್ತಿತ್ತು.

ಇದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿ ಆಗಲೇ ಇದೆ. ಬಸುರಿಯ ಹೆಸರು ತಾಯಿ ಕಾರ್ಡಿನಲ್ಲಿ ಇರುತ್ತದೆ, ಆಶಾ ಕಾರ್ಯಕರ್ತೆಗೆ ಆಕೆಯ ಮನೆ ಗೊತ್ತು, ಫೋನ್ ನಂಬರು ಗೊತ್ತು. ಮೋಲ್ ಎಂದು ಪತ್ತೆಯಾದ ದಿನ ಆ ದಾಖಲೆಯನ್ನು ಗರ್ಭಪಾತವೆಂದು ಮುಚ್ಚುವ ಬದಲು ಇನ್ನೊಂದು ಪಟ್ಟಿಗೆ ವರ್ಗಾಯಿಸಬೇಕು. ಪಟ್ಟಿ ಇಡೀ ರಾಜ್ಯಕ್ಕೆ ಒಂದೇ, ಅಥವಾ ವಿಭಾಗಕ್ಕೊಂದು. ಮಾದರಿ ಹೋಗುವ ಲ್ಯಾಬು ಒಂದೇ. 'ಅಕ್ಕಾ, ಈ ವಾರದ ಬಾಟಲಿ ಕೊಡಿ' ಎಂದು ಕೇಳುವವರು ಹಳ್ಳಿಯಲ್ಲೇ ಇದ್ದಾರೆ, ಮಾದರಿಯನ್ನು ಅಲ್ಲಿಂದ ಸಾಗಿಸುವ ವ್ಯವಸ್ಥೆ ಒಂದನ್ನು ಜೋಡಿಸಬೇಕು. ಅಂಕಿ ಏರಿದರೆ ಆಕೆಯನ್ನು ಎಲ್ಲಿಗೆ, ಯಾರ ಬಳಿಗೆ ಕಳಿಸಬೇಕೆಂಬುದು ಮೊದಲೇ ಬರೆದಿರಬೇಕು.

ಈ ರೋಗದಲ್ಲಿ ಪರಿಣತಿ ಪಡೆಯಬೇಕೆಂದು ಕೇಳುವ ಪಿಜಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸಿಗುವ ಸಲಹೆ ವಿದೇಶದ ಫೆಲೋಶಿಪ್. ಅದರಿಂದ ಕಲಿಕೆ ಸಿಗುತ್ತದೆ, ರೋಗಿಗಳು ಸಿಗುವುದಿಲ್ಲ. ಬ್ಯಾಗ್‌ಶಾ ಪ್ರಕರಣದಲ್ಲಿ ನೋಂದಣಿಯಿಂದ ರೋಗಿಗಳು ಒಂದೆಡೆ ಬಂದರು, ಅವರಿಂದ ದಾಖಲೆ ಬೆಳೆಯಿತು, ದಾಖಲೆಯಿಂದ ಸ್ಕೋರು, ಸರಣಿ, ಮುಂದಿನ ತಲೆಮಾರಿನ ತಜ್ಞರು ಬಂದರು. ಅಂಥ ವಿದ್ಯಾರ್ಥಿ ತನ್ನ ಕಾಲೇಜಿನ ಸುತ್ತಲಿನ ಮೂರು ಜಿಲ್ಲೆಗಳಲ್ಲಿ ಕಳೆದ ವರ್ಷ ಎಷ್ಟು ಮೋಲ್ ತೆಗೆದಿದ್ದಾರೆ, ಅವರಲ್ಲಿ ಎಷ್ಟು ಮಂದಿಯ ಎಚ್‌ಸಿಜಿ ಸಹಜಕ್ಕೆ ಬಂದದ್ದು ದಾಖಲಾಗಿದೆ ಎಂದು ಆಪರೇಷನ್ ಥಿಯೇಟರಿನ ರಿಜಿಸ್ಟರ್‌ಗಳನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡಲಿ. ದಾಖಲೆ ಸಿಗದ ಪ್ರತಿ ಹೆಸರಿನ ಮುಂದೆ ಒಂದು ಫೋನ್ ನಂಬರು ಇರುತ್ತದೆ, ಮೊದಲ ಕರೆಯನ್ನು ಅಲ್ಲಿಗೆ ಮಾಡಲಿ.